ಆಸ್ಪತ್ರೆಯ ಬಾಗಿಲು ದಾಟುವ ಮುನ್ನ

ಶಿವಮೊಗ್ಗದ ವಿನೋಬನಗರ. ಅರವತ್ತಡಿ ರಸ್ತೆಯಿಂದ ಒಳಕ್ಕೆ ತಿರುಗುವ ಯಾವುದೋ ಒಂದು ಅಡ್ಡರಸ್ತೆ. ಅಲ್ಲೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಯಜಮಾನರಿಗೆ ಐವತ್ತೆಂಟು ವರ್ಷ. ವಾರದ ಹಿಂದೆ ನಸುಕಿನಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದವರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಕೂರಿಸಿದ್ದಾರೆ. ಗಂಡಾಂತರ ಕಳೆದಿದೆ. ಈ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಬಂದು, "ಇವತ್ತು ಮನೆಗೆ ಹೋಗಬಹುದು" ಎಂದರು.

ಮನೆಗೆ ಹೋಗುವುದೆಂದರೆ ಅಷ್ಟು ಸುಲಭವೇ? ಬಿಲ್ಲು ತಯಾರಾಗಬೇಕು, ವಿಮೆಯವರ ಒಪ್ಪಿಗೆ ಬರಬೇಕು, ಉಳಿದ ಔಷಧ ಹಿಂತಿರುಗಿಸಬೇಕು. ಎಲ್ಲ ಮುಗಿಯುವಾಗ ಸಂಜೆ ನಾಲ್ಕು. ಆಗ ವಾರ್ಡಿನ ಸಿಸ್ಟರ್ ಒಂದು ಕವರ್ ತುಂಬ ಮಾತ್ರೆ, ಮೂರು ಪುಟದ ಕಾಗದ ಹಿಡಿದು ಬಂದರು. ಯಾವ ಮಾತ್ರೆ ಯಾವಾಗ, ಊಟ ಹೇಗೆ, ಮತ್ತೆ ಬರುವುದು ಯಾವತ್ತು ಎಂದೆಲ್ಲ ಐದು ನಿಮಿಷ ಹೇಳಿದರು. ಆ ಐದು ನಿಮಿಷದಲ್ಲಿ ಯಜಮಾನರು ಅಂಗಿ ತೊಡುತ್ತಿದ್ದರು. ಅಮ್ಮ ಫ್ಲಾಸ್ಕು, ಲೋಟ, ಹೊದಿಕೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಸೋದರಮಾವ ಬಿಲ್ಲಿನ ಕೌಂಟರಿನಲ್ಲಿದ್ದರು. ಕೆಳಗೆ ಆಟೊ ಕಾಯುತ್ತಿತ್ತು. "ಹೂಂ, ಆಯ್ತು ಸಿಸ್ಟರ್" ಎಂದು ಎಲ್ಲರೂ ತಲೆಯಾಡಿಸಿದರು. ನಿಜವಾಗಿ ಕೇಳಿಸಿಕೊಂಡವರು ಯಾರೂ ಇಲ್ಲ.

ರಾತ್ರಿ ಒಂಬತ್ತು ಗಂಟೆ. ಊಟವಾಗಿದೆ. ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಕವರನ್ನು ಮೇಜಿನ ಮೇಲೆ ಸುರಿಯುತ್ತಾಳೆ. ಏಳು ಬಗೆಯ ಮಾತ್ರೆಗಳು. ಕಾಗದವೆಲ್ಲ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಅದನ್ನು ಸರಾಗವಾಗಿ ಓದಬಲ್ಲವಳು ಅವಳೊಬ್ಬಳೇ. ಅಷ್ಟರಲ್ಲಿ ಅಮ್ಮ ಕಪಾಟಿನಿಂದ ಇನ್ನೊಂದು ಹಳೆಯ ಡಬ್ಬಿ ತಂದು, "ಅಪ್ಪ ಮೊದಲಿಂದ ತಗೊಳ್ತಿದ್ದ ಬಿಪಿ ಮಾತ್ರೆ ಇದು. ಇದನ್ನೂ ಕೊಡೋದಾ, ಬೇಡ್ವಾ?" ಎಂದು ಕೇಳುತ್ತಾರೆ.

ಕಾಗದದಲ್ಲಿ ಅದಕ್ಕೆ ಉತ್ತರವಿಲ್ಲ. ಕೇಳಬೇಕಾದ ಹೊತ್ತಿನಲ್ಲಿ ಯಾರೂ ಕೇಳಿರಲಿಲ್ಲ.

ಈ ಮನೆ ಕಲ್ಪನೆಯದು. ಆದರೆ ಈ ಪ್ರಶ್ನೆ ಕಲ್ಪನೆಯದಲ್ಲ. ಆಸ್ಪತ್ರೆಯಿಂದ ಮರಳಿದ ಮೊದಲ ರಾತ್ರಿ ಊರೂರಿನ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ರೋಗಿಯನ್ನು ಉಳಿಸುವುದು ವೈದ್ಯರ ಕೈಚಳಕ. ಉಳಿದ ರೋಗಿಯನ್ನು ಕ್ಷೇಮವಾಗಿ ಮನೆ ಸೇರಿಸಿ, ಮತ್ತೆ ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆಗೆ ನಮ್ಮಲ್ಲಿ ಸಿಗುತ್ತಿರುವ ಗಮನ ಮಾತ್ರ ಕಡಿಮೆ.

ಬಿಡುಗಡೆಯೇ ಬೇರೆ, ಗುಣವೇ ಬೇರೆ

'ಡಿಸ್‌ಚಾರ್ಜ್' ಎಂಬ ಪದ ಕಿವಿಗೆ ಬಿದ್ದೊಡನೆ ಕಾಯಿಲೆ ವಾಸಿಯಾಯಿತೆಂದು ಮನೆಯವರು ಭಾವಿಸುವುದು ಸಹಜ. ವೈದ್ಯರ ಲೆಕ್ಕದಲ್ಲಿ ಅದರ ಅರ್ಥ ಬೇರೆ. ಇನ್ನು ಮುಂದಿನ ಆರೈಕೆಗೆ ಆಸ್ಪತ್ರೆಯ ಹಾಸಿಗೆ ಬೇಕಿಲ್ಲ, ಅದನ್ನು ಮನೆಯಲ್ಲೇ ಮಾಡಬಹುದು ಎಂದಷ್ಟೇ ಅದರ ಅರ್ಥ. ಅಂದರೆ ಆರೈಕೆ ಮುಗಿದಿಲ್ಲ, ಕೈ ಬದಲಾಗಿದೆ. ನಿನ್ನೆಯವರೆಗೆ ತರಬೇತಿ ಪಡೆದ ದಾದಿಯರು ಮೂರು ಪಾಳಿಯಲ್ಲಿ ಮಾಡುತ್ತಿದ್ದ ಕೆಲಸ ಇಂದಿನಿಂದ ಅಮ್ಮನ, ಅಕ್ಕನ, ಮಗನ ಪಾಲಿಗೆ ಬಂದಿದೆ. ದಾದಿಯರು ಅದಕ್ಕಾಗಿ ವರ್ಷಗಟ್ಟಲೆ ಓದುತ್ತಾರೆ. ಮನೆಯವರಿಗೆ ಸಿಗುವುದು ಐದು ನಿಮಿಷ!

ಆಸ್ಪತ್ರೆಯಿಂದ ಬಂದ ದೇಹವೂ ಮೊದಲಿನದಲ್ಲ. ನಿದ್ದೆಗೆಟ್ಟ ರಾತ್ರಿಗಳು, ರುಚಿಯಿಲ್ಲದ ಊಟ, ನೋವು, ಹಾಸಿಗೆಯಲ್ಲೇ ಕಳೆದ ದಿನಗಳು ಇವೆಲ್ಲ ಸೇರಿ ರೋಗಿಯನ್ನು ಬಳಲಿಸಿರುತ್ತವೆ. ಅಮೆರಿಕದ ಹೃದ್ರೋಗ ತಜ್ಞ ಹಾರ್ಲನ್ ಕ್ರುಮ್‌ಹೋಲ್ಜ್ 2013ರಲ್ಲಿ ಈ ಸ್ಥಿತಿಗೆ ಒಂದು ಹೆಸರನ್ನೇ ಕೊಟ್ಟರು: 'ಆಸ್ಪತ್ರೆಯೋತ್ತರ ಬಾಧೆ' ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ಹೃದಯದ ಕಾಯಿಲೆಗೆ ದಾಖಲಾದವರು ಕೆಲವು ವಾರಗಳಲ್ಲೇ ಸೋಂಕು, ಬೀಳುವಿಕೆ ಮುಂತಾದ ಬೇರೆಯೇ ಕಾರಣಕ್ಕೆ ಮತ್ತೆ ದಾಖಲಾಗುವುದನ್ನು ಅವರು ಎತ್ತಿ ತೋರಿಸಿದರು.

ಅಲ್ಲಿನ ಹಿರಿಯ ನಾಗರಿಕರ ಸರ್ಕಾರಿ ವಿಮೆ 'ಮೆಡಿಕೇರ್'ನ 2003-04ರ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ದೊಡ್ಡ ಚರ್ಚೆ ಎಬ್ಬಿಸಿತು. ಮನೆಗೆ ಹೋದ ಐವರಲ್ಲಿ ಸುಮಾರು ಒಬ್ಬರು 30 ದಿನಗಳೊಳಗೆ ಆಸ್ಪತ್ರೆಗೆ ಮರಳಿದ್ದರು. ಶಸ್ತ್ರಕ್ರಿಯೆಯಿಲ್ಲದ ಕಾಯಿಲೆಗಳಿಗೆ ದಾಖಲಾಗಿ ಹೀಗೆ ಮರಳಿದವರಲ್ಲಿ ಅರ್ಧದಷ್ಟು ಮಂದಿ ನಡುವೆ ಒಮ್ಮೆಯೂ ವೈದ್ಯರನ್ನು ಕಂಡ ದಾಖಲೆ ಇರಲಿಲ್ಲ. 2012ರ ಅಕ್ಟೋಬರಿನಿಂದ ಆ ದೇಶದಲ್ಲಿ ಇಂಥ ಮರುದಾಖಲೆ ಮಿತಿಮೀರಿದ ಆಸ್ಪತ್ರೆಗಳಿಗೆ ಸಲ್ಲುವ ಹಣದಲ್ಲಿ ಕಡಿತ ಮಾಡುವ ನಿಯಮವೂ ಬಂತು.

ದಂಡಕ್ಕಿಂತ ದಾರಿ ತೋರಿಸಿದ್ದು ಬಾಸ್ಟನ್ ನಗರದ ಒಂದು ಪ್ರಯೋಗ. ಅಲ್ಲಿ ಬಿಡುಗಡೆಯ ಕೆಲಸಕ್ಕೆಂದೇ ಒಬ್ಬ ದಾದಿಯನ್ನು ನೇಮಿಸಿದರು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಪುಟ್ಟ ಪುಸ್ತಿಕೆ ಕೊಟ್ಟರು. ಮನೆಗೆ ಹೋದ ಎರಡರಿಂದ ನಾಲ್ಕು ದಿನಗಳಲ್ಲಿ ಔಷಧತಜ್ಞರೊಬ್ಬರು ಫೋನ್ ಮಾಡಿ ಮಾತ್ರೆಗಳ ಬಗ್ಗೆ ವಿಚಾರಿಸಿದರು. ಇಷ್ಟರಿಂದಲೇ ಮುಂದಿನ ಒಂದು ತಿಂಗಳಲ್ಲಿ ಆಸ್ಪತ್ರೆಗೆ ಓಡಿಬರುವ ಪ್ರಮಾಣ ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಸಮಾಧಾನವಾಗಿ ವಿವರಿಸಿದ್ದು, ಆಮೇಲೆ ವಿಚಾರಿಸಿಕೊಂಡದ್ದು, ಅಷ್ಟೇ.

ಮಲೆನಾಡಿನ ದಾರಿ ದೂರ

ಶಿವಮೊಗ್ಗದಲ್ಲಿ ಈ ಮಾತಿಗೆ ತೂಕ ಹೆಚ್ಚು. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಗೂ ನಗರದ ಖಾಸಗಿ ಆಸ್ಪತ್ರೆಗಳಿಗೂ ಬರುವವರೆಲ್ಲ ವಿನೋಬನಗರದವರೋ ಗೋಪಾಳದವರೋ ಅಲ್ಲ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರ, ಭದ್ರಾವತಿಗಳ ಹಳ್ಳಿಗಳಿಂದ, ಪಕ್ಕದ ಜಿಲ್ಲೆಗಳಿಂದಲೂ ಬರುತ್ತಾರೆ. ವಿನೋಬನಗರದ ರೋಗಿಗೆ ರಾತ್ರಿ ಉಸಿರು ಕಟ್ಟಿದರೆ ಕೆಲವೇ ನಿಮಿಷಗಳಲ್ಲಿ ಆಸ್ಪತ್ರೆ ಸೇರಬಹುದು. ಆಗುಂಬೆ ಕಡೆಯ ಒಂಟಿಮನೆಯವರಿಗೆ, ಆಷಾಢದ ಮಳೆಯಲ್ಲಿ? ದಾರಿ ದೂರವಾದಷ್ಟೂ ಹೊರಡುವ ಮುನ್ನ ಕೇಳಿಕೊಳ್ಳಬೇಕಾದದ್ದು ಹೆಚ್ಚು. ಯಾವ ಲಕ್ಷಣ ಕಂಡರೆ ಕಾಯಬಹುದು, ಯಾವುದು ಕಂಡರೆ ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು ಎಂಬುದನ್ನು ತಿಳಿಯದೆ ಹೊರಟರೆ ಅರ್ಧ ದಾರಿಯಲ್ಲಿ ಕೈಬಿಟ್ಟಂತೆ.

ಈ ಜಿಲ್ಲೆಯ ಹೆಸರಿನೊಡನೆ ಅಂಟಿಕೊಂಡಿರುವ ಒಂದು ರೋಗವೇ ಇದಕ್ಕೆ ಪಾಠ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಇದರ ಜ್ವರ ಇಳಿದು ಒಂದೆರಡು ವಾರ ಎಲ್ಲವೂ ಸರಿಹೋದಂತೆ ಕಂಡು, ಕೆಲವರಲ್ಲಿ ಮತ್ತೆ ಮರುಕಳಿಸುತ್ತದೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ಹೀಗಾಗಬಹುದು. ಎರಡನೆಯ ಸಲ ತೀವ್ರ ತಲೆನೋವು, ನಡುಕ, ಮಬ್ಬು ಮುಂತಾದ ನರಸಂಬಂಧಿ ತೊಂದರೆಗಳೂ ಕಾಣಿಸಬಹುದು. "ಜ್ವರ ಬಿಟ್ಟಿತು, ಇನ್ನೇನು" ಎಂದು ಮರುದಿನವೇ ಸೊಪ್ಪಿಗೆ, ದರಗಿಗೆ ಹೊರಟವರಿಗೆ ಈ ಸಂಗತಿ ಗೊತ್ತಿರಬೇಡವೇ? ಅದನ್ನು ಹೇಳಿ ಕಳಿಸುವುದೂ ಚಿಕಿತ್ಸೆಯ ಭಾಗವೇ.

ಅಡಿಕೆ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದ ಕೊನೆಗಾರನ ವಿಷಯ ಇನ್ನೂ ಕಠಿಣ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದರೆ ಶಸ್ತ್ರಕ್ರಿಯೆ ಮುಗಿಸಿ ಮನೆಗೆ ಬಂದ ಮೇಲೆ ಅವನ ಪ್ರಾಣಕ್ಕೆ ಎರವಾಗುವುದು ಬೆನ್ನಿನ ಪೆಟ್ಟಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸೊಂಟ, ಹಿಮ್ಮಡಿಗಳ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡುವುದು, ಮೂತ್ರದ ಚೀಲವನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇಡುವುದು. ಇವನ್ನು ಬಾಯಲ್ಲಿ ಹೇಳಿದರೆ ಸಾಲದು. ಮನೆಯವರ ಕೈಯಲ್ಲಿ ವಾರ್ಡಿನಲ್ಲೇ ಒಂದೆರಡು ಸಲ ಮಾಡಿಸಿ ನೋಡಬೇಕು.

ಮನೆಯನ್ನೂ ರೋಗಿಯ ಕಣ್ಣಿಂದ ನೋಡಬೇಕು. ಎತ್ತರದ ಹೊಸ್ತಿಲು, ಪಾಚಿಗಟ್ಟಿದ ಅಂಗಳ, ಹಿತ್ತಿಲಲ್ಲಿರುವ ಪಾಯಖಾನೆ, ಮಂದ ಬೆಳಕಿನ ಬಚ್ಚಲು ಇವೆಲ್ಲ ಆರೋಗ್ಯವಂತರಿಗೆ ಕಾಣುವುದೇ ಇಲ್ಲ. ಸೊಂಟದ ಮೂಳೆ ಮುರಿದು ವಾಕರ್ ಹಿಡಿದು ಬಂದ ಅಜ್ಜಿಗೆ ಪ್ರತಿಯೊಂದೂ ಗುಡ್ಡ. ಅಜ್ಜಿ ಬರುವ ಹಿಂದಿನ ದಿನವೇ ಒಂದು ಕಮೋಡ್ ಕುರ್ಚಿ, ರಾತ್ರಿ ಉರಿಯುವ ಸಣ್ಣ ದೀಪ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಸಿದ್ಧವಾದರೆ ಇನ್ನೊಂದು ಮೂಳೆ ಉಳಿದೀತು.

ಮೊಗಸಾಲೆಯಲ್ಲಿ ಕಾದು ಕುಳಿತವರು

ನಮ್ಮ ಆಸ್ಪತ್ರೆಗಳಿಗೆ ಒಂದು ದೊಡ್ಡ ಬಲವಿದೆ. ಅದನ್ನು ಬಲವೆಂದು ಗುರುತಿಸಿದವರು ಕಡಿಮೆ. ಒಬ್ಬ ರೋಗಿಯ ಹಿಂದೆ ಇಬ್ಬರು ಮೂವರು ನೆಂಟರು. ಮೊಗಸಾಲೆಯಲ್ಲಿ ಚಾಪೆ ಹಾಸಿಕೊಂಡು, ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ದಿನಗಟ್ಟಲೆ ಕಾಯುತ್ತಾರೆ. ಕಾವಲುಗಾರನಿಗೆ ಅವರು ಗದ್ದಲ. ಆದರೆ ಮನೆಗೆ ಹೋದ ಮೇಲೆ ಗಾಯ ತೊಳೆಯುವವರು, ಮಾತ್ರೆ ಕೊಡುವವರು ಅವರೇ ಅಲ್ಲವೇ?

ಈ ಸರಳ ಸತ್ಯ ಹೊಳೆದದ್ದು ಬೆಂಗಳೂರಿನಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯಕ್ಕೆ ಬಂದು ರೋಗಿಗಳನ್ನೂ ನೆಂಟರನ್ನೂ ಮಾತನಾಡಿಸಿದರು. ಕಾಯುವವರ ಕೈಯಲ್ಲಿ ಬೇಕಾದಷ್ಟು ಸಮಯವಿದೆ, ಮನಸ್ಸಿನಲ್ಲಿ ಭಯವಿದೆ, ತಲೆಯಲ್ಲಿ ಪ್ರಶ್ನೆಗಳಿವೆ. ಉತ್ತರ ಹೇಳುವವರು ಮಾತ್ರ ಇಲ್ಲ ಎಂಬುದು ಅವರಿಗೆ ಕಂಡಿತು. 2012ರಿಂದ ಅಲ್ಲಿ ಹೃದಯದ ಶಸ್ತ್ರಕ್ರಿಯೆಯಾದವರ ಮನೆಯವರಿಗೆ ದಾದಿಯರೇ ಪಾಠ ಹೇಳತೊಡಗಿದರು. ಗಾಯ ಹೇಗೆ ನೋಡಿಕೊಳ್ಳಬೇಕು, ಕೈ ಹೇಗೆ ತೊಳೆಯಬೇಕು, ಉಸಿರಾಟದ ವ್ಯಾಯಾಮ ಹೇಗೆ, ಅಪಾಯದ ಸೂಚನೆ ಯಾವುದು ಎಂಬುದನ್ನು ಚಿತ್ರ ಮತ್ತು ವೀಡಿಯೊಗಳ ನೆರವಿನಿಂದ ಅವರವರ ಭಾಷೆಯಲ್ಲಿ ಕಲಿಸಿದರು. ಈ ವಿದ್ಯಾರ್ಥಿಗಳು ಕಟ್ಟಿದ 'ನೂರಾ ಹೆಲ್ತ್' ಸಂಸ್ಥೆಯ ಕಾರ್ಯಕ್ರಮ ಮುಂದೆ ಕರ್ನಾಟಕ, ಪಂಜಾಬ್ ಮೊದಲಾದ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿತು. ತರಗತಿಯ ಒಂದು ಅಭ್ಯಾಸವಾಗಿ ಆರಂಭವಾದ ಕೆಲಸ ಇಷ್ಟು ದೂರ ನಡೆದದ್ದು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಒಳ್ಳೆಯ ದಾದಿಯರು ಬಳಸುವ ಇನ್ನೊಂದು ಉಪಾಯವಿದೆ. ಹೇಳಿ ಮುಗಿಸಿದ ಮೇಲೆ "ಅರ್ಥವಾಯ್ತಾ?" ಎಂದು ಅವರು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು, "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ. ಮನೆಗೆ ಹೋಗಿ ಏನೇನು ಮಾಡ್ತೀರಿ, ನೀವೇ ಒಂದ್ಸಲ ಹೇಳಿ" ಎನ್ನುತ್ತಾರೆ. ತಪ್ಪಿದ್ದರೆ ಅಲ್ಲೇ ತಿದ್ದಬಹುದು. ಪಾಠ ಒಪ್ಪಿಸುವುದೆಂದರೆ ಇದೇ. ಸಿಸ್ಟರ್ ಕೇಳದಿದ್ದರೂ ಮನೆಯವರೇ ಮುಂದಾಗಿ ಒಪ್ಪಿಸಿಬಿಡಬಹುದು.

ಬಾಣಂತಿ ಮತ್ತು ಹಸುಗೂಸು

ಕರ್ನಾಟಕದಲ್ಲಿ ಈಗ ಬಹುತೇಕ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. 2019-20ರಲ್ಲಿ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಪ್ರಮಾಣ ನೂರಕ್ಕೆ 97. ಹೀಗಾಗಿ ಹೆಚ್ಚಿನ ಕುಟುಂಬಗಳು ಮೊದಲು ಕಾಣುವ 'ಡಿಸ್‌ಚಾರ್ಜ್' ಎಂದರೆ ತಾಯಿ-ಮಗುವಿನದೇ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯನ್ನು ಉಚಿತವಾಗಿ ಮನೆಗೆ ತಲುಪಿಸಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆ 'ನಗು-ಮಗು' ವಾಹನಗಳಿವೆ. ಆ ಬಳಿಕ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು.

ಇಲ್ಲೊಂದು ತೊಡಕು ನಮ್ಮದೇ ಪದ್ಧತಿಯಿಂದ ಹುಟ್ಟುತ್ತದೆ. ಬಾಣಂತನ ತವರಿನಲ್ಲಿ. ಗರ್ಭಿಣಿಯ ಹೆಸರು ಇರುವುದು ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆಯ ಬಳಿ. ಬಾಣಂತಿ ಹೋಗುವುದು ಬೇರೆ ಊರಿಗೆ. ತವರೂರಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟದಿದ್ದರೆ ಮುಖ್ಯವಾದ ಮೊದಲ ವಾರದ ಭೇಟಿಗಳೇ ತಪ್ಪುತ್ತವೆ. ಆಸ್ಪತ್ರೆಯಿಂದ ಹೊರಡುವಾಗಲೇ ಅಲ್ಲಿಗೊಂದು ಫೋನ್ ಮಾಡಿಸಿದರೆ ಈ ಕೊಂಡಿ ಕಳಚುವುದಿಲ್ಲ.

ಮಗು ಹಾಲು ಕುಡಿಯದೆ ಮಂಕಾದರೆ, ಉಸಿರು ವೇಗವಾದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಅಂಗೈ ಅಂಗಾಲು ಹಳದಿಯಾದರೆ, ಸೆಟೆದುಕೊಂಡರೆ ಕಾಯಬಾರದು. ತಾಯಿಗೆ ರಕ್ತಸ್ರಾವ ಹೆಚ್ಚಿದರೆ, ಜ್ವರ ಬಂದರೆ, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾದರೆ ಹಾಗೆಯೇ. "ಬಾಣಂತಿಗೆ ನೀರು ಕೊಡಬೇಡ, ಮಗುವಿನ ಕಿವಿಗೆ ಎಣ್ಣೆ ಬಿಡು" ಎನ್ನುವ ಅಜ್ಜಿಯರ ಮಾತಿನ ಹಿಂದೆ ಅಕ್ಕರೆಯಿದೆ, ಸಂಶಯವಿಲ್ಲ. ಆದರೆ ಹಾಲೂಡಿಸುವ ತಾಯಿಗೆ ನೀರು ಧಾರಾಳವಾಗಿ ಬೇಕು. ಮಗುವಿನ ಕಿವಿಗೆ ಏನೂ ಬೇಡ. ಅದಕ್ಕೇ ಸಿಸ್ಟರ್ ಹೇಳುವಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಜಾಣತನ. ಆಸ್ಪತ್ರೆಯ ಮಾತು ಸೊಸೆಯ ಬಾಯಿಂದ ಬಂದರೆ ವಾದ, ಸಿಸ್ಟರ ಬಾಯಿಂದ ಬಂದರೆ ಸಲಹೆ.

ತೂಕ ಕಡಿಮೆಯಿರುವ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ 'ಕಾಂಗರೂ ಆರೈಕೆ' ಇನ್ನೊಂದು ನಿದರ್ಶನ. ಕೊಪ್ಪಳ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆಯೊಡನೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇದನ್ನು ವ್ಯಾಪಕವಾಗಿ ನಡೆಸಿತು. ಆಸ್ಪತ್ರೆಯಲ್ಲಿ ಕಲಿತದ್ದು ಮನೆಯಲ್ಲೂ ಮುಂದುವರಿದರೆ ಮಾತ್ರ ಫಲ. ತಾಯಿಗೆ ಬಿಡುವು ಬೇಕಾದಾಗ ತಂದೆಯೂ ಅಜ್ಜಿಯೂ ಮಗುವನ್ನು ಹಾಗೆ ಕಟ್ಟಿಕೊಳ್ಳಬಹುದು.

ಕಾಗದ ಓದುವ ವಿದ್ಯೆ

ಎಷ್ಟೋ ಮನೆಗಳಲ್ಲಿ ಡಿಸ್‌ಚಾರ್ಜ್ ಕಾಗದ ಓದುವ ಹೊಣೆ ಬೀಳುವುದು ಕಾಲೇಜಿಗೆ ಹೋಗುವ ಮಕ್ಕಳ ಮೇಲೆ. ವಿದ್ಯಾರ್ಥಿಗಳೇ, ಆ ಸಂಕೇತಗಳೆಲ್ಲ ಹಳೆಯ ಲ್ಯಾಟಿನ್ ಭಾಷೆಯವು. 'ಓಡಿ' ಎಂದರೆ ದಿನಕ್ಕೊಮ್ಮೆ. 'ಬಿಡಿ' ಎಂದರೆ ಎರಡು ಸಲ. 'ಟಿಡಿಎಸ್' ಮೂರು ಸಲ, 'ಕ್ಯೂಐಡಿ' ನಾಲ್ಕು ಸಲ. 'ಎಚ್‌ಎಸ್' ಎಂದರೆ ಮಲಗುವಾಗ. 'ಎಸಿ' ಊಟಕ್ಕೆ ಮೊದಲು, 'ಪಿಸಿ' ಊಟವಾದ ಮೇಲೆ. 'ಎಸ್‌ಒಎಸ್' ಎಂದಿದ್ದರೆ ದಿನವೂ ಅಲ್ಲ, ತೊಂದರೆ ಕಂಡಾಗ ಮಾತ್ರ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಇದಕ್ಕಿಂತ ಮುಖ್ಯವಾದದ್ದು ಹೆಸರು. ಪ್ರತಿ ಮಾತ್ರೆಗೂ ಎರಡು ಹೆಸರು: ದೊಡ್ಡಕ್ಷರದಲ್ಲಿ ಕಂಪನಿಯ ಹೆಸರು, ಅದರೊಡನೆ ಔಷಧದ ಮೂಲ ಹೆಸರು. ವೈದ್ಯರು ಮೂಲ ಹೆಸರನ್ನೇ ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಚೀಟಿ ಕನ್ನಡದಲ್ಲಿರಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಒತ್ತಾಯಿಸಿತು. ಅದೆಲ್ಲ ಆಗುವವರೆಗೆ ಮನೆಯವರು ಮಾಡಬೇಕಾದದ್ದು ಇಷ್ಟು: ಹಳೆಯ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೂಲ ಹೆಸರನ್ನು ಹೋಲಿಸಿ ನೋಡುವುದು.

ವಿನೋಬನಗರದ ಆ ಹುಡುಗಿ ಮಾಡಿದ್ದೂ ಅದನ್ನೇ. ಹಳೆಯ ಡಬ್ಬಿಯ ಮಾತ್ರೆಯ ಮೇಲೆ ಒಂದು ಹೆಸರು. ಹೊಸ ಮಾತ್ರೆಯ ಮೇಲೆ ಇನ್ನೊಂದು. ಬಣ್ಣ ಬೇರೆ, ಕಂಪನಿ ಬೇರೆ. ಹಾಳೆಯ ಹಿಂಭಾಗದ ಸಣ್ಣಕ್ಷರ ಓದಿದರೆ ಹಳೆಯದರಲ್ಲಿ 'ಆಮ್ಲೊಡಿಪಿನ್', ಹೊಸದರಲ್ಲಿ 'ಟೆಲ್ಮಿಸಾರ್ಟಾನ್' ಜೊತೆಗೆ ಅದೇ 'ಆಮ್ಲೊಡಿಪಿನ್'! ಎರಡನ್ನೂ ಕೊಟ್ಟಿದ್ದರೆ ಒಂದೇ ಔಷಧ ಎರಡು ಪಟ್ಟು ಹೋಗುತ್ತಿತ್ತು. ರಕ್ತದೊತ್ತಡ ಇಳಿದು, ನಡುರಾತ್ರಿ ಬಚ್ಚಲಿಗೆಂದು ಎದ್ದ ಅಪ್ಪ ತಲೆ ಸುತ್ತಿ ಬೀಳಬಹುದಿತ್ತು. ಅವಳು ತಾನೇ ತೀರ್ಮಾನ ಮಾಡಲಿಲ್ಲ. ಕಾಗದದ ಕೊನೆಯಲ್ಲಿದ್ದ ವಾರ್ಡಿನ ಸಂಖ್ಯೆಗೆ ಫೋನ್ ಮಾಡಿದಳು. ಪಾಳಿಯ ಸಿಸ್ಟರ್ ಡಾಕ್ಟರನ್ನು ಕೇಳಿ, "ಹಳೇದು ನಿಲ್ಲಿಸಿಬಿಡಮ್ಮ. ಒಳ್ಳೆ ಕೆಲಸ ಮಾಡಿದೆ, ಕೇಳಿದ್ದು" ಎಂದರು.

ಕೂಡಿಸುವುದರಷ್ಟೇ ಅಪಾಯ ಬಿಡುವುದರಲ್ಲೂ ಇದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಕ್ಲೋಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆ ಕೊಡುತ್ತಾರೆ. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಸುಮಾರು ಒಂದು ವರ್ಷ ಇವೆರಡೂ ಬೇಕು. "ಎದೆನೋವೇ ಇಲ್ಲ, ಮಾತ್ರೆ ಯಾಕೆ" ಎಂದು ತಾವಾಗಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೊಂದು ಹೃದಯಾಘಾತವಾಗಬಹುದು. ಹಲ್ಲು ಕೀಳಿಸುವುದಕ್ಕೂ ಹೃದ್ರೋಗ ತಜ್ಞರನ್ನು ಕೇಳದೆ ಅವನ್ನು ನಿಲ್ಲಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿ ತಡೆಯಲು ಜಾಗತಿಕ ಅಭಿಯಾನ ಆರಂಭಿಸಿದಾಗ, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸಂಧಿಕಾಲವನ್ನು ಮುಖ್ಯ ಅಪಾಯದ ಘಟ್ಟಗಳಲ್ಲಿ ಒಂದೆಂದು ಗುರುತಿಸಿದ್ದು ಸುಮ್ಮನೆ ಅಲ್ಲ.

ಹಕ್ಕು ಮತ್ತು ಹಣ

ಕಾಗದ ಪಡೆಯುವುದು ಉಪಕಾರವಲ್ಲ, ಹಕ್ಕು. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ರೋಗಿಯ ಕಡೆಯವರು ಕೇಳಿದರೆ 72 ಗಂಟೆಗಳಲ್ಲಿ ದಾಖಲೆ ಕೊಡಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಬಿಲ್ಲಿನ ತಕರಾರಿನ ನೆಪದಲ್ಲಿ ರೋಗಿಯನ್ನು ತಡೆದಿಡಬಾರದು ಎನ್ನುತ್ತದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲೂ ರೋಗಿಗಳ ಸನ್ನದು ಸೇರಿದೆ.

ಹಣದ ಅಡಚಣೆಯಿಂದಲೋ ಕೊಯ್ಲಿನ ತುರ್ತಿನಿಂದಲೋ ವೈದ್ಯರ ಸಲಹೆ ಮೀರಿ ರೋಗಿಯನ್ನು ಕರೆದೊಯ್ಯುವವರಿದ್ದಾರೆ. ಅವರ ಕಷ್ಟ ಅವರಿಗೆ. ಆದರೆ ಹಾಗೆ ಹೊರಟವರೂ ಸಂಕೋಚಪಟ್ಟು ಬರಿಗೈಯಲ್ಲಿ ಹೋಗಬಾರದು. ಔಷಧದ ಚೀಟಿ, ತಪಾಸಣೆಯ ವರದಿ, ಅಪಾಯದ ಸೂಚನೆಗಳನ್ನು ಕೇಳಿ ಪಡೆಯಬೇಕು. ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮದಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧ ಹಾಗೂ ತಪಾಸಣೆಯ ವೆಚ್ಚವೂ ಸೇರಿದೆ. ಹೊರಡುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ವಿಚಾರಿಸುವುದು ಲೇಸು.

ಓದುವವರಿಗೆ ಒಂದು ದಾರಿ

ಪಿಯುಸಿ ಮುಗಿಸಿದ ಮಕ್ಕಳಿಗೆ ಆರೋಗ್ಯ ಕ್ಷೇತ್ರವೆಂದರೆ ಎಂಬಿಬಿಎಸ್ ಒಂದೇ ಎಂಬ ಭಾವನೆ ನಮ್ಮ ತಂದೆ-ತಾಯಿಗಳಲ್ಲಿ ಬೇರೂರಿದೆ. ರೋಗಿಯನ್ನು ಮನೆಗೆ ಸಿದ್ಧಗೊಳಿಸುವ ಈ ಕೆಲಸವನ್ನೇ ನೋಡಿ. ಇದರಲ್ಲಿ ದಾದಿ, ಔಷಧತಜ್ಞ, ಫಿಸಿಯೋಥೆರಪಿಸ್ಟ್, ಆಹಾರತಜ್ಞೆ, ವೈದ್ಯಕೀಯ ಸಮಾಜಸೇವಕ ಎಲ್ಲರೂ ಬೇಕು. ರೋಗಿಗೆ ಔಷಧದ ತಿಳಿವಳಿಕೆ ನೀಡುವುದೇ ಮುಖ್ಯವಾಗಿರುವ 'ಫಾರ್ಮ್ ಡಿ' ಎಂಬ ಆರು ವರ್ಷದ ಶಿಕ್ಷಣ 2008ರಲ್ಲಿ ಭಾರತಕ್ಕೆ ಬಂತು. ಅದಕ್ಕೂ ಮೊದಲೇ, 1990ರ ದಶಕದ ಉತ್ತರಾರ್ಧದಲ್ಲಿ, ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಔಷಧತಜ್ಞರನ್ನು ವಾರ್ಡಿನೊಳಗೆ ಕರೆತಂದ ಮೊದಲಿಗರಲ್ಲಿ ಒಂದಾಯಿತು. ಔಷಧದಂಗಡಿಯವರು ಗ್ರಾಹಕರಿಗೆ ತಿಳಿಸಿ ಹೇಳುವುದೂ ಅವರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಹೇಳಿದೆ.

ತಂದೆ-ತಾಯಿಗಳಿಗೂ ಒಂದು ಮಾತು. ಇಂಗ್ಲಿಷ್ ಬರುತ್ತದೆಂದು ಆರೈಕೆಯ ಹೊರೆಯನ್ನೆಲ್ಲ ಪರೀಕ್ಷೆಗೆ ಓದುವ ಮಗುವಿನ ಮೇಲೆ ಹೇರಬಾರದು. ಓದಿ ಹೇಳಲಿ, ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಕೊಡುವ ಕೆಲಸ ದೊಡ್ಡವರದಾಗಿರಲಿ. ಅರ್ಥವಾಗದ್ದನ್ನು ಊಹಿಸಬೇಡ, ಕೇಳು ಎಂದು ಕಲಿಸಿದರೆ ಅದೇ ದೊಡ್ಡ ಶಿಕ್ಷಣ.

ಹೊರಡುವ ಮುನ್ನ ಕೇಳಬೇಕಾದ ಎಂಟು ಪ್ರಶ್ನೆಗಳು

1. ಕಾಯಿಲೆ ಏನು, ಇಲ್ಲಿ ಏನು ಚಿಕಿತ್ಸೆ ಆಯಿತು? ಕನ್ನಡದಲ್ಲಿ ಎರಡು ವಾಕ್ಯ ಸಾಕು.

2. ಹಳೆಯ ಮಾತ್ರೆಗಳಲ್ಲಿ ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು?

3. ಹೊಸ ಮಾತ್ರೆ ಎಷ್ಟು ದಿನ? ಒಂದು ಹೊತ್ತು ಮರೆತರೆ ಏನು ಮಾಡಬೇಕು? ಇನ್ಸುಲಿನ್ ಇದ್ದರೆ ಎಲ್ಲಿ ಇಡಬೇಕು, ಸಕ್ಕರೆ ಇಳಿದರೆ ಗುರುತಿಸುವುದು ಹೇಗೆ?

4. ಊಟ, ನೀರು, ಉಪ್ಪು ಎಷ್ಟು?

5. ಸ್ನಾನ, ಮೆಟ್ಟಿಲು, ವಾಹನ, ಕೆಲಸ, ಶಾಲೆ ಯಾವಾಗಿನಿಂದ?

6. ಗಾಯ, ಹೊಲಿಗೆ, ನಳಿಕೆ ಇದ್ದರೆ ಒಮ್ಮೆ ನಮ್ಮ ಕೈಯಲ್ಲೇ ಮಾಡಿಸಿ ನೋಡುತ್ತೀರಾ?

7. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ರಾತ್ರಿ ಯಾವ ಸಂಖ್ಯೆಗೆ ಫೋನ್ ಮಾಡಬೇಕು?

8. ಮರುಭೇಟಿ ಯಾವತ್ತು, ಯಾರ ಹತ್ತಿರ? ಬಾಕಿಯಿರುವ ತಪಾಸಣೆ ವರದಿ ಯಾವಾಗ ಸಿಗುತ್ತದೆ?

ಈ ಪ್ರಶ್ನೆಗಳನ್ನು ಬಿಡುಗಡೆಯ ಸಂಜೆ ಒಟ್ಟಿಗೆ ಕೇಳುವುದಕ್ಕಿಂತ ದಾಖಲಾದ ಎರಡನೆಯ ದಿನದಿಂದಲೇ ಒಂದೊಂದಾಗಿ ಕೇಳುತ್ತ ಬರುವುದು ಒಳ್ಳೆಯದು. ಸಿಸ್ಟರಿಗೂ ಬಿಡುವಿರುತ್ತದೆ, ಮನೆಯವರಿಗೂ ತಲೆಗೆ ಹತ್ತುತ್ತದೆ.

ವಿನೋಬನಗರದ ಆ ಮನೆಯಲ್ಲಿ ಈಗ ಗೋಡೆಯ ಕ್ಯಾಲೆಂಡರಿನ ಪಕ್ಕ ನೋಟ್‌ಬುಕ್ಕಿನ ಒಂದು ಹಾಳೆ ಅಂಟಿದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಸಾಲು. ಪ್ರತಿ ಸಾಲಿನಲ್ಲೂ ಕನ್ನಡದಲ್ಲಿ ಮಾತ್ರೆಯ ಹೆಸರು, ಬಣ್ಣ. ಕೊಟ್ಟ ಮೇಲೆ ಅಮ್ಮ ಒಂದು ಗೆರೆ ಎಳೆಯುತ್ತಾರೆ. ಕ್ಯಾಲೆಂಡರಿನಲ್ಲಿ ಮರುಭೇಟಿಯ ದಿನಾಂಕದ ಸುತ್ತ ಕೆಂಪು ಶಾಯಿಯ ಸುತ್ತು. ಹಳೆಯ ಡಬ್ಬಿ ಕಪಾಟಿನಲ್ಲಿಲ್ಲ. ಹತ್ತನೆಯ ದಿನ ಸಂಜೆ ಯಜಮಾನರು ಮಗಳ ಜೊತೆ ನಿಧಾನವಾಗಿ ರಸ್ತೆಯ ತಿರುವಿನವರೆಗೆ ನಡೆದು ಹೋಗಿ ಬಂದರು. ಮನೆಯವರೆಲ್ಲ ಅವರು ಗುಣವಾದರೆಂದು ನಂಬಿದ್ದು ಆ ದಿನ.